ಗುಡ್ಡಕ್ಕೆ ಬಿಕ್ಕಳಿಕೆ ಹತ್ತಿದ್ದು

ಮನುಷ್ಯನು ಮಾತನಾಡುವಾಗ ಕೇಳಿಸಿಕೊಳ್ಳಲಾರ, ಕೇಳಿಸಿಕೊಳ್ಳುವಾಗ ಮಾತನಾಡಲಾರ. ಇದು ಸೃಷ್ಟಿಯ ನಿಯಮ. ಮಹಾ ತಪಸ್ವಿಗಳೂ ಇದನ್ನು ಮೀರಿದ ದಾಖಲೆಯಿಲ್ಲ. ಈ ಎರಡನ್ನೂ ಏಕಕಾಲಕ್ಕೆ ಮಾಡುವ ಯಂತ್ರವೊಂದನ್ನು ಕಟ್ಟುತ್ತೇನೆಂದು, ಶಿರಹಟ್ಟಿಯ ನಿವೃತ್ತ ವಿಜ್ಞಾನ ಶಿಕ್ಷಕನಾದ ನಾನು ಹೊರಟೆ. ಎರಡರಲ್ಲಿ ಒಂದನ್ನೂ ನಾನು ಈವರೆಗೆ ನೆಟ್ಟಗೆ ಮಾಡಿದವನಲ್ಲವೆಂದು ನನ್ನ ಹೆಂಡತಿ ಶಾಂತಾ ಆಗಲೇ ಎಚ್ಚರಿಸಿದ್ದಳಂತೆ. ನಾನು ಕೇಳಿಸಿಕೊಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ವಿರೂಪಣ್ಣ. ಲಕ್ಷ್ಮೇಶ್ವರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ನಮ್ಮಿಬ್ಬರಿಗೂ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದೆ. ಅಂದರೆ, ಮನೆಯಲ್ಲೇ ಒಂದು ಸೆಟ್ ಇಟ್ಟುಕೊಂಡು, ತಂತಿಯಿಲ್ಲದೆ, ಗಾಳಿಯಲ್ಲಿ ಮಾತನಾಡಲು ಸರ್ಕಾರ ನಮಗೆ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದೆ. ವರ್ಷಗಟ್ಟಲೆ ಸಂಜೆ ಆರಕ್ಕೆ ಅವನು ಲಕ್ಷ್ಮೇಶ್ವರದಿಂದ, ನಾನು ಶಿರಹಟ್ಟಿಯಿಂದ ಮಾತನಾಡಿದೆವು. ವಿಷಯಗಳು ಗಹನವಾಗಿರುತ್ತಿದ್ದವು. ಮಧ್ಯಾಹ್ನ ಏನು ಪಲ್ಯ, ಯಾವ ಮೊಣಕಾಲು ನೋವು, ಎಡದ್ದೋ ಬಲದ್ದೋ. ಒಬ್ಬ ಮುಗಿಸಿ "ಓವರ್" ಅಂದಮೇಲೆ ಇನ್ನೊಬ್ಬ ಶುರುಮಾಡಬೇಕು. ಇಂಥ ಶಿಸ್ತಿನ ಸ್ನೇಹ ಅಪರೂಪ.

ಹೋದ ವರ್ಷ ವಿರೂಪಣ್ಣನ ಎರಡೂ ಮೊಣಕಾಲುಗಳು ಕೈಕೊಟ್ಟವು. ಅಂಗಡಿ ಮುಚ್ಚಿ, ಮುಂಡರಗಿಯಲ್ಲಿರುವ ಮಗಳ ಮನೆಗೆ ಹೋದ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡ ಉದ್ದಕ್ಕೆ ಮಲಗಿದೆ. ನಮ್ಮ ಸೆಟ್‌ಗಳ ಅಲೆ ಗುಡ್ಡ ಹತ್ತುವುದಿಲ್ಲ. ಅದಕ್ಕೂ ನಮ್ಮ ವಯಸ್ಸೇ.

ಫೋನ್ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಮಾಡಿ ನೋಡಿದೆವು. ಫೋನಿನಲ್ಲಿ "ಓವರ್" ಇಲ್ಲವಲ್ಲ! ಇಬ್ಬರೂ ಒಟ್ಟಿಗೆ ಶುರುಮಾಡುತ್ತೇವೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೇವೆ. "ನೀ ಹೇಳು." "ಇಲ್ಲ, ನೀ ಹೇಳು." ಒಂದು ನಿಮಿಷದೊಳಗೆ ಮಾತು ಸಾಯುತ್ತದೆ.

ಅವನು ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಪ್ರತಿಜ್ಞೆ ಮಾಡಿದೆ. "ವಿರೂಪಣ್ಣ, ದಸರಾದೊಳಗ ಗುಡ್ಡದ ಮ್ಯಾಲೆ ಒಂದು ರಿಪೀಟರ್ ಹಾಕತೀನಿ. ಇತ್ತಲಾಗಿಂದ ಕೇಳಿ ಅತ್ತಲಾಗ ಜೋರಾಗಿ ಹೇಳತೈತಿ."

"ನೀ ಹಾಕತಿ?" ಅಂದ. ಆ "ನೀ" ಸ್ವಲ್ಪ ಉದ್ದವಾಗಿತ್ತು. ನಾನು ಗಮನಿಸಲಿಲ್ಲ.

ಆಮೇಲೆ ಅವನ ಮಗಳು ಫೋನ್ ಮಾಡಿದಳು. "ಕಾಕಾ, ಅಪ್ಪಾರು ದಿನಾ ಆರಕ್ಕ ಸೆಟ್ ಹಚ್ಚಿಕೊಂಡ ಅಂಗಳದಾಗ ಕುಂಡ್ರತಾರ್ರಿ. ಬರೇ ಸುರ್ ಅಂತೈತಿ. ಬಂದ ಮಾಡ್ರಿ ಅಂದ್ರ, ಮಾಸ್ತರ ಬರತಾನ ತಡಿ ಅಂತಾರ."

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಅನುಮತಿಗೆ ಅರ್ಜಿ ಹಾಕಿದೆ. ಸರ್ಕಾರ ವರ್ಷಗಟ್ಟಲೆ ತಡಮಾಡುತ್ತದೆ, ಅಷ್ಟರಲ್ಲಿ ನಿಧಾನವಾಗಿ ಯಂತ್ರ ಕಟ್ಟಬಹುದು ಎಂಬುದು ನನ್ನ ಲೆಕ್ಕಾಚಾರ. ಸರ್ಕಾರ ನನಗೆ ಮೋಸ ಮಾಡಿತು. ಕಾಗದ ಬೇಗ ಬಂತು!

ರಿಪೀಟರಿನ ಕಷ್ಟ ಒಂದೇ. ಅದರ ಕಿವಿ ಮತ್ತು ಬಾಯಿ ಒಂದೇ ಆಂಟೆನಾಕ್ಕೆ ಅಂಟಿಕೊಂಡಿರುತ್ತವೆ. ಬಾಯಿಯ ಆರ್ಭಟಕ್ಕೆ ಕಿವಿ ಕಿವುಡಾಗದಂತೆ ನಡುವೆ ತಾಮ್ರದ ದೊಡ್ಡ ಡಬ್ಬಿಗಳನ್ನು ಇಡಬೇಕು. ಡಬ್ಬಿಯೊಳಗೆ ಒಂದು ಸರಳು, ಮೇಲೆ ತಿರುಗಿಸಲು ಒಂದು ತಿರುಪು. ಅದನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಹದಕ್ಕೆ ತರಬೇಕು. ಇದನ್ನೆಲ್ಲ ಶಾಂತಾಗೆ ವಿವರಿಸಿದೆ.

"ತಾಮ್ರ ಎಲ್ಲಿಂದ ತರತೀರಿ?" ಎಂದಳು. ಹೆಂಗಸರು ನೇರವಾಗಿ ಮೂಲಪ್ರಶ್ನೆಗೆ ಬರುತ್ತಾರೆ.

ಅಟ್ಟದ ಮೇಲೆ ಅವಳ ತವರಿನ ತಾಮ್ರದ ಹಂಡೆ ಇತ್ತು. ಹಳೆಯದನ್ನು ಕೊಟ್ಟು ತೂಕಕ್ಕೆ ತೂಕ ಹೊಸದು ಮಾಡಿಸುವುದು ನಮ್ಮ ಕಡೆಯ ಪದ್ಧತಿ. ಮೂರು ದಿನ ಅವಳು ನನ್ನೊಂದಿಗೆ ಮಾತನಾಡಲಿಲ್ಲ. ನಾಲ್ಕನೆಯ ದಿನ, "ವಿರೂಪಣ್ಣ ಅಂಗಳದಾಗ ಕುಂಡ್ರತಾನಂತ, ಒಯ್ಯಿರಿ ಅತ್ಲಾಗ" ಎಂದಳು.

ಬೆಟಗೇರಿಯ ಖಾದರಸಾಬರು ಮೂರು ತಲೆಮಾರಿನಿಂದ ತಾಮ್ರದ ಪಾತ್ರೆ ಬಡಿಯುವವರು. ನಾನು ಬರೆದೊಯ್ದ ನಕ್ಷೆಯನ್ನು ನೇರ ಹಿಡಿದು, ಉಲ್ಟಾ ಹಿಡಿದು ನೋಡಿದರು.

"ನಾಕು ಡಬ್ಬಿ. ಎರಡೆರಡು ಫೂಟ ಎತ್ತರ. ಬಾಯಿ ಬಂದ. ಇದರಾಗ ಏನ ಹಾಕತೀರಿ ಮಾಸ್ತರ್ರ?"

"ಏನೂ ಹಾಕೂದಿಲ್ರಿ."

"ಏನೂ ಹಾಕದ ಪಾತ್ರಿ ಯಾರ ಮಾಡಸ್ತಾರ್ರಿ?"

ಅವರಿಗೆ ರೇಡಿಯೋ ವಿಜ್ಞಾನ ವಿವರಿಸುವುದು ವ್ಯರ್ಥವೆಂದು ಭಾವಿಸಿದೆ. ಮೂವತ್ತು ವರ್ಷ ಪಾಠ ಮಾಡಿದವನ ಅಹಂಕಾರ ಅದು. ಗಂಭೀರವಾಗಿ ಇಷ್ಟೇ ಹೇಳಿದೆ: "ಹೊರಗ ಹೆಂಗರ ಇರಲಿ ಸಾಬರ, ಒಳಗಿನ ಮೈ ಮುಖ್ಯ. ಒಳಗ ಕನ್ನಡಿ ಹಂಗ ಹೊಳೀಬೇಕು. ಅದಕ್ಕ ಏನ ಮಾಡಬೇಕೋ ನಿಮಗ ಗೊತ್ತೈತಿ."

"ಅದನ್ನ ನನಗ ಬಿಡ್ರಿ" ಎಂದರು. ಬಿಟ್ಟೆ.

ಎರಡು ವಾರದಲ್ಲಿ ಡಬ್ಬಿಗಳು ಬಂದವು. ಮುಚ್ಚಳಕ್ಕೆ ಬೆಸುಗೆ ಹಾಕಿ, ಒಳಗೆ ಸರಳು ನಿಲ್ಲಿಸಿ, ನಕ್ಷೆಯಂತೆ ಕರಾರುವಾಕ್ಕು ಕೆಲಸ. ಊಟದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ಹದ ಮಾಡಲು ಕುಳಿತೆ. ತಿರುಪು ತಿರುಗಿಸುವುದು, ಮೀಟರ್ ನೋಡುವುದು, ಉಸಿರು ಹಿಡಿಯುವುದು. ಎಂಟು ದಿನ ಹೀಗೇ. ಮನೆಯಲ್ಲಿ ಮಿಕ್ಸರ್ ಹಚ್ಚಬಾರದೆಂದು ನಿಷೇಧ ಹೊರಡಿಸಿದೆ. ಶಾಂತಾ ಚಟ್ನಿಯನ್ನು ಕಲ್ಲಿನಲ್ಲಿ ಅರೆದಳು. ಕಲ್ಲಿನ ಸದ್ದಿನಲ್ಲಿ ಬೇರೆಯೇ ಅರ್ಥವಿತ್ತು.

ಬಾಯಿಗೂ ಕಿವಿಗೂ ನಡುವೆ ಪುಸ್ತಕದಲ್ಲಿ ಹೇಳಿದಷ್ಟು ತಡೆ ನನ್ನ ಮೀಟರಿನಲ್ಲಿ ಬರಲೇ ಇಲ್ಲ. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ನಾನು ಶಾಂತಚಿತ್ತದಿಂದ ವಿಚಾರ ಮಾಡಿ ಒಂದು ನಿರ್ಣಯಕ್ಕೆ ಬಂದೆ. ಪುಸ್ತಕ ಬರೆಯುವವರಿಗೆ ಸ್ವಲ್ಪ ಹೆಚ್ಚು ಹೇಳುವ ಚಾಳಿ ಇರುತ್ತದೆ.

ಇದು ಸರಿಯಾದ ನಿರ್ಣಯವಾಗಿರಲಿಲ್ಲ!

ಗುಡ್ಡದ ನೆತ್ತಿಯ ಹತ್ತಿರ ಬಸಪ್ಪನ ಹೊಲವಿದೆ. ಅಲ್ಲಿಂದ ಎರಡೂ ಕಡೆಯ ಊರುಗಳು ಕಾಣುತ್ತವೆ. ಬಸಪ್ಪ ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಅವನನ್ನು ನಾನೇ ನಪಾಸು ಮಾಡಿದ್ದೆ. ಆದರೂ ಹೊಲದ ಮನೆಯ ಮಾಳಿಗೆಯನ್ನು ಬಿಟ್ಟುಕೊಟ್ಟ. ಡಬ್ಬಿ, ಬ್ಯಾಟರಿ, ಆಂಟೆನಾ ಎಲ್ಲವನ್ನೂ ಅವನ ಟ್ರ್ಯಾಕ್ಟರಿನಲ್ಲಿ ಏರಿಸಿ, ಜೋಡಿಸಿ, ಶಿರಹಟ್ಟಿಗೆ ಮರಳಿ, ಆರು ಗಂಟೆಗೆ ಸೆಟ್ ಹಚ್ಚಿದೆ. ಶಾಂತಾ ಬಾಗಿಲಲ್ಲಿ ನಿಂತಿದ್ದಳು. ಐತಿಹಾಸಿಕ ಕ್ಷಣ.

"ವಿರೂಪಣ್ಣ, ನಾ ಮಾಸ್ತರ ಮಾತಾಡಾಕತ್ತೀನಿ. ಹೆಂಗ ಕೇಳತೈತಿ? ಓವರ್."

ನಂತರ ಗುಡ್ಡದ ಮೇಲಿಂದ ಉತ್ತರ ಬಂತು.

"ಮಾ— ಕ್. ತ— ಕ್. ನ— ಕ್. ಕ್. ಕ್."

ಕೂಡಲೇ ಫೋನ್ ಬಡಿಯಿತು. ವಿರೂಪಣ್ಣ. "ಲೇ ಮಾಸ್ತರ, ನಿನಗ ಬಿಕ್ಕಳಿಕಿ ಹತ್ತೇತೇನು?"

"ನನಗಲ್ಲೋ, ನಿನಗ ಹತ್ತೇತಿ!"

"ನಾ ಆರಾಮ ಕುಂತೀನಿ."

ಹಿಂದೆ ನೋಡಿದರೆ ಶಾಂತಾ ನೀರಿನ ಚರಿಗೆ ಹಿಡಿದು ನಿಂತಿದ್ದಾಳೆ. "ಯಾರಿಗೆ ಕೊಡ್ಲಿ?" ಎಂದಳು. ಯಾರಿಗೆ ಕೊಡುವುದು? ಬಿಕ್ಕುತ್ತಿದ್ದುದು ಗುಡ್ಡ.

ರೋಗ ನನಗೆ ತಿಳಿದಿತ್ತು. ಬಾಯಿ ತೆರೆದೊಡನೆ ರಿಪೀಟರಿನ ಕಿವಿ ಕಿವುಡಾಗುತ್ತಿತ್ತು. ಕೇಳದಿದ್ದಾಗ ಬಾಯಿ ಮುಚ್ಚುತ್ತಿತ್ತು. ಮುಚ್ಚಿದೊಡನೆ ಮತ್ತೆ ಕೇಳುತ್ತಿತ್ತು. ರೋಗ ತಿಳಿದವನು ಡಬ್ಬಿಯನ್ನು ನೋಡಬೇಕಿತ್ತು. ನಾನು ಡಬ್ಬಿಯನ್ನು ಬಿಟ್ಟು ಜಗತ್ತನ್ನೆಲ್ಲ ನೋಡಿದೆ. ಕೇಬಲ್ ಬದಲಿಸಿದೆ. ಆಂಟೆನಾ ಇಳಿಸಿ ಏರಿಸಿದೆ. ಗುಡ್ಡದ ಗಾಳಿಯಂತ್ರಗಳ ಮೇಲೆ ಸಂಶಯಪಟ್ಟು ಅವು ನಿಲ್ಲಲಿ ಎಂದು ಕಾದೆ. ಗಾಳಿ ನಿಂತಿತು, ಅವೂ ನಿಂತವು, ಬಿಕ್ಕಳಿಕೆ ನಿಲ್ಲಲಿಲ್ಲ.

ಕೊನೆಗೆ ಕಣ್ಣು ಬಿದ್ದದ್ದು ಬಸಪ್ಪನ ಬೇಲಿಯ ಮೇಲೆ. ಕಾಡುಹಂದಿ ಬರದಂತೆ ಅವನು ತಂತಿ ಮುಟ್ಟಿದರೆ ಕರೆಂಟು ಹೊಡೆಯುವ ಝಟಕಾ ಯಂತ್ರ ಹಾಕಿಸಿದ್ದ. ಅದು ಟಿಕ್, ಟಿಕ್ ಎನ್ನುತ್ತಿತ್ತು. ನನ್ನ ಯಂತ್ರ ಕ್, ಕ್ ಎನ್ನುತ್ತಿತ್ತು. ಸಂಬಂಧ ಹಗಲಿನಷ್ಟು ಸ್ಪಷ್ಟ!

"ಬಸಪ್ಪ, ಎರಡ ದಿನ ಇದನ್ನ ಬಂದ ಮಾಡಬೇಕಲಾ."

"ಸರ್, ಶೇಂಗಾ ಕೀಳೂ ಹೊತ್ತೈತ್ರಿ. ಹಂದಿ..."

"ವಿಜ್ಞಾನದ ಮುಂದ ಹಂದಿ ಏನೋ?"

ಬಸಪ್ಪ ಗುರುವಿನ ಮಾತು ಮೀರಲಿಲ್ಲ. ಹಂದಿಗಳು ವಿಜ್ಞಾನಕ್ಕೆ ಸಂಪೂರ್ಣ ಸಹಕಾರ ನೀಡಿದವು. ಮೂರನೆಯ ದಿನ ಬೆಳಿಗ್ಗೆ ಹೋದಾಗ ಹೊಲದ ಒಂದು ಮೂಲೆ ನೇಗಿಲು ಹೊಡೆದಂತಿತ್ತು. ಬಸಪ್ಪ ಒಡ್ಡಿನ ಮೇಲೆ ಕುಳಿತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸರ್, ಬಿಕ್ಕಳಿಕಿ ನಿಂತತೇನ್ರಿ?"

"ಇಲ್ಲ."

"ಮತ್ತ ಬೇಲಿ ಹಚ್ಚಲ್ರಿ?"

"ಹಚ್ಚು."

ಬೇಲಿ ಹಚ್ಚಿ ಬಂದು ಮೆಲ್ಲಗೆ ಕೇಳಿದ: "ಸರ್, ಆ ಡಬ್ಬಿ ಒಳಗ ಒಮ್ಮೆ ನೋಡೀರೇನ್ರಿ?"

ಎಂಟನೆಯ ತರಗತಿಯಲ್ಲಿ ನಾನು ಅವನಿಗೆ ಅನ್ಯಾಯ ಮಾಡಿದ್ದೆ.

ಒಂದು ಡಬ್ಬಿಯನ್ನು ಹೊತ್ತು ಬೆಟಗೇರಿಗೆ ಹೋದೆ. ಖಾದರಸಾಬರು ಬೆಸುಗೆ ಬಿಡಿಸಿ, ಮುಚ್ಚಳ ತೆಗೆದು, ಬಿಸಿಲಿಗೆ ಹಿಡಿದು, ಮಗುವಿನ ಮುಖ ತೋರಿಸುವಂತೆ ತೋರಿಸಿದರು. ಒಳಗೆ ಬೆಳ್ಳಿಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಏನ್ರಿ ಇದು?"

"ಕಲಾಯಿ! ಎರಡ ಕೈ ಹಾಕೀನ್ರಿ. ಒಳಗ ಕನ್ನಡಿ ಹಂಗ ಇರಬೇಕ ಅಂದಿದ್ದಿರಲ್ಲಾ?"

ನಾನು ಅಲ್ಲೇ ಬೋರಲು ಹಾಕಿದ್ದ ಕೊಡದ ಮೇಲೆ ಕುಳಿತೆ. ಕಲಾಯಿ ಎಂದರೆ ತವರದ ಲೇಪ. ಹುಳಿ ಹಾಕಿದರೆ ತಾಮ್ರ ಕಿಲುಬು ಬಿಡದಿರಲಿ ಎಂದು ಒಳಗೆ ಬಳಿಯುವುದು. ರೇಡಿಯೋ ಅಲೆ ಲೋಹದ ಮೇಲಿನ ತೊಗಲಿನಲ್ಲಷ್ಟೇ ಓಡುತ್ತದೆ. ತೊಗಲು ತಾಮ್ರವಾದರೆ ಸಲೀಸಾಗಿ ಓಡುತ್ತದೆ. ತವರವಾದರೆ ಎಡವುತ್ತ ಓಡುತ್ತದೆ. ಶಾಂತಾಳ ತವರಿನ ಅಷ್ಟೂ ತಾಮ್ರ ಹೊರಗೆ ಕಾವಲು ನಿಂತಿತ್ತು; ಒಳಗೆ ಕೆಲಸವಿರಲಿಲ್ಲ.

"ಸಾಬರ, ಕಲಾಯಿ ಬ್ಯಾಡಾಗಿತ್ತು."

"ಕಲಾಯಿ ಬ್ಯಾಡ ಅನ್ನವ್ರನ್ನ ನಾ ಇವತ್ತ ನೋಡಾಕತ್ತೀನ್ರಿ" ಎಂದರು. ಅವರ ಮುಖ ಬಾಡಿತು. "ಕಲಾಯಿ ಇಲ್ಲದ ತಾಮ್ರ ಕೊಟ್ರ ಊಟ ಮಾಡಿದವ್ರಿಗೆ ವಾಂತಿ ಆಗತೈತ್ರಿ. ನಮ್ಮ ಮನಿತನದಾಗ ಯಾರೂ ಕೊಟ್ಟಿಲ್ಲ."

"ತೆಗೀಬಹುದೇನ್ರಿ?"

"ಹಾಕೂದು ಗೊತ್ತೈತಿ. ತೆಗಿಯೂದನ್ನ ಯಾರೂ ಕಲಿಸಿಲ್ಲ."

ಕಲಿಸಿಲ್ಲದಿದ್ದರೇನು? ನಾನೊಬ್ಬ ವಿಜ್ಞಾನ ಶಿಕ್ಷಕ. ತವರ ಬೇಗ ಕರಗುತ್ತದೆ, ಕಾಯಿಸಿದರೆ ಇಳಿದುಹೋಗಬೇಕು. ಮನೆಗೆ ಬಂದು ಬಸಪ್ಪನ ಮಾಳಿಗೆಯಿಂದ ಉಳಿದ ಮೂರನ್ನೂ ತರಿಸಿ, ಮೊದಲ ಡಬ್ಬಿಯನ್ನು ಗ್ಯಾಸ್ ಒಲೆಯ ಮೇಲೆ ಬೋರಲು ಹಾಕಿದೆ. ತವರ ಬಿಡಲಿಲ್ಲ. ಒಳಗೇ ಹರಿದು ದಪ್ಪ ದಪ್ಪ ಗೆರೆಗಳಾಗಿ ಕೂತಿತು. ಉರಿ ಸಣ್ಣದಾಯಿತೆಂದು ತೀರ್ಮಾನಿಸಿ, ಮುಚ್ಚಳವಿದ್ದ ಮೂರನ್ನು ಹಿತ್ತಲಲ್ಲಿ ಕಟ್ಟಿಗೆ ಒಲೆಯ ದೊಡ್ಡ ಉರಿಗೆ ಇಟ್ಟೆ. ಮೂರರ ಮುಚ್ಚಳಗಳೂ ಒಂದಾದಮೇಲೊಂದು ಕಳಚಿಬಿದ್ದವು. ಸರಳುಗಳು ಠಣ್ ಎಂದು ಕೆಳಗುರುಳಿದವು. ಮುಚ್ಚಳದ ಬೆಸುಗೆಯಲ್ಲೂ ತವರವೇ ಇರುತ್ತದೆ. ಇದು ಎಂಟನೆಯ ತರಗತಿಯ ಪಾಠ. ನಾನೇ ಮಾಡಿದ ಪಾಠ!

ಆರು ಗಂಟೆಗೆ ವಿರೂಪಣ್ಣನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಒಪ್ಪಿಕೊಂಡೆ.

"ಕಲಾಯಿ?" ಎಂದ.

"ಕಲಾಯಿ."

"ಒಳಗ?"

"ಒಳಗ."

"ಮಾಸ್ತರ, ಜೀವಮಾನೆಲ್ಲಾ ರೇಡಿಯೋ ಬಿಚ್ಚೀನಿ. ಒಳಗ ಹಲ್ಲಿ ಸಿಕ್ಕೈತಿ. ಜಿರಳಿ ಸಿಕ್ಕೈತಿ. ಒಮ್ಮೆ ಯಾರದೋ ಹಲ್ಲಿನ ಸೆಟ್ ಸಿಕ್ಕೈತಿ. ಕಲಾಯಿ ಸಿಕ್ಕಿಲ್ಲ."

ನಾನು ಏನೋ ಹೇಳಲು ಹೋದೆ. ಅವನೂ ಏನೋ ಹೇಳಲು ಬಂದ. ಇಬ್ಬರೂ ನಿಲ್ಲಿಸಿದೆವು. "ನೀ ಹೇಳು" ಎಂದೆ. "ಇಲ್ಲ, ನೀ ಹೇಳು" ಎಂದ. ಅಲ್ಲಿಗೆ ಮುಗಿಯಿತು.

ದಸರಾ ಆಗಿಹೋಗಿದೆ. ಸರ್ಕಾರದ ಅನುಮತಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬಸಪ್ಪನ ಬೇಲಿ ಟಿಕ್ ಟಿಕ್ ಎನ್ನುತ್ತಿದೆ. ಡಬ್ಬಿಗಳನ್ನು ಶಾಂತಾ ವಶಪಡಿಸಿಕೊಂಡಿದ್ದಾಳೆ. ಒಂದರಲ್ಲಿ ಮಜ್ಜಿಗೆ, ಒಂದರಲ್ಲಿ ಹುಣಸೆಹಣ್ಣು. ಉಳಿದೆರಡರಲ್ಲಿ ಏನಿಡಬೇಕೆಂದು ವಿಚಾರ ಮಾಡುತ್ತಿದ್ದಾಳೆ. ನನ್ನ ಸಲಹೆ ಕೇಳಿಲ್ಲ. ಮಜ್ಜಿಗೆಗೆ ಕಿಲುಬು ಹತ್ತಿಲ್ಲ. ಸಂಜೆ ಆರಕ್ಕೆ ನಾನು ಇಲ್ಲಿ ಸೆಟ್ ಹಚ್ಚುತ್ತೇನೆ, ವಿರೂಪಣ್ಣ ಅಲ್ಲಿ ಹಚ್ಚುತ್ತಾನೆ. ಎರಡೂ ಕಡೆ ಸುರ್ ಎನ್ನುತ್ತದೆ.

ಮುಂಡರಗಿ ಈಗಲೂ ಗುಡ್ಡದ ಆಚೆಗೇ ಇದೆ.