ಲಾಭ, ಎರಡು, ಮೂರು

ದೆವ್ವಕ್ಕೆ ಹೆದರುವವರು ಪುಣ್ಯವಂತರು. ತಾಯತ ಕಟ್ಟಿಸಿಕೊಂಡು ಹಾಯಾಗಿ ಮಲಗುತ್ತಾರೆ. ನಾನು ಹೆದರುವುದು ಅಂಕಿಗಳಿಗೆ. ರೋಣದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಹೊಟ್ಟೆ ಹೊರೆಯುವವನು ಹೀಗೆನ್ನುವುದು, ಅಂಬಿಗ ತನಗೆ ನೀರೆಂದರೆ ಆಗದು ಎಂದಂತೆ. ಮದುವೆಯಾದ ಹೊಸದರಲ್ಲಿ ನಾನು ಹೀಗಿರಲಿಲ್ಲ. ಆಗಿನ್ನೂ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ನನ್ನ ತಲೆಯ ಮೇಲೆ ಕೂದಲಿತ್ತು, ಒಳಗೊಂದು ಸಿದ್ಧಾಂತವೂ ಇತ್ತು. ಸಿದ್ಧಾಂತ ಇಷ್ಟೇ: ಸಂಖ್ಯೆಗಳನ್ನು ನಾವು ಮಾಡಿದ್ದಲ್ಲ. ಎಣಿಸುವವನು ಹುಟ್ಟುವ ಮೊದಲೇ ಅವು ಎಲ್ಲೋ ಇವೆ. ನಾವು ಹೋಗಿ ಮುಟ್ಟುತ್ತೇವೆ. ಊಟಕ್ಕೆ ಕೂತಾಗಲೆಲ್ಲ ಇದನ್ನು ಹೆಂಡತಿಗೆ ವಿವರಿಸುತ್ತಿದ್ದೆ. ಅವಳು, "ಇದ್ರ ಇರ್ಲಿ ಬಿಡ್ರಿ, ಅವನ್ನ ಯಾಕ ಕರೀತೀರಿ? ರೊಟ್ಟಿ ಆರತಾವ, ಲಗೂ ಉಣ್ರಿ" ಎನ್ನುತ್ತಿದ್ದಳು.

ಆ ವರ್ಷ ಜೋಳದ ರಾಶಿಗೆಂದು ಬೆಳವಣಕಿಗೆ, ಮಾವನವರ ಕಣಕ್ಕೆ ಹೋದೆವು. ಸಂಜೆ ರಾಶಿಪೂಜೆ ಮುಗಿದು ಅಳೆಯುವ ಹೊತ್ತು. ಆಗ ಯಾರೂ ಮಾತಾಡುವಂತಿಲ್ಲ. ಮಾವನವರು ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿದು "ಲಾಭ" ಎಂದರು. ನಮ್ಮ ಕಡೆ ಪದ್ಧತಿಯೇ ಅದು. 'ಒಂದು' ಎಂದು ಬಾಯಿ ಬಿಟ್ಟರೆ ರಾಶಿಯ ಬರಕತ್ತು, ಅದರ ಏಳಿಗೆ, ಹೋಗುತ್ತದಂತೆ. ನನ್ನ ನಾಲಿಗೆ ತುರಿಸಿತು. "ಮಾವಾರ, ಲಾಭ ಅಂದಕೂಡ್ಲೆ ಅದು ಒಂದು ಆಗೂದು ಬಿಡತದೇನ್ರಿ? ಒಂದು ಅಂದ್ರ ಒಂದಽ!" ಎಂದು ಗಟ್ಟಿಯಾಗಿ ಅಂದೇಬಿಟ್ಟೆ.

ಗಾಳಿ ನಿಂತಿತು. ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ಅದು ಆ ಮನೆಯ ವರ್ಷದ ಅನ್ನ; ಕಮ್ಮಿ ಬಿದ್ದರೆ ಸಾಯುವ ತನಕ ನನ್ನ ಹೆಸರು ಹೇಳಿಯೇ ರೊಟ್ಟಿ ಬಡಿಯುತ್ತಾರೆ. ಮಾವನವರು ಮಾತ್ರ ಸಿಟ್ಟಾಗಲಿಲ್ಲ. ಕೊಳಗವನ್ನು ನನ್ನ ಕೈಗಿಟ್ಟು, "ಅದನ್ನ ಹೆಸರು ಹಿಡದು ಕರದವರು ನೀವು, ಅಳಿಯಾರ. ಇನ್ನ ನೀವಽ ಅಳೀರಿ" ಎಂದರು.

ಎರಡು ಎಂದೆ, ಮೂರು ಎಂದೆ. ನಾಲ್ಕನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ರಾಶಿಯ ಆಚೆಯಿಂದ ಯಾರೋ ಮೆಲ್ಲಗೆ "ನಾಲ್ಕು" ಅಂದರು. ಹೆಂಡತಿಯ ತಮ್ಮನ ಚೇಷ್ಟೆ ಅಂದುಕೊಂಡೆ. ಅವನು ನನ್ನ ಪಕ್ಕದಲ್ಲೇ ಚೀಲದ ಬಾಯಿ ಹಿಡಿದು ನಿಂತಿದ್ದ. ಕೊಳಗ ತುಂಬುವ ಮೊದಲೇ "ಐದು" ಎಂದಿತು ದನಿ. ಎದ್ದು ಹೋಗಿ ನೋಡಿದೆ. ಕಣದ ನಡುವಿನ ಮೇಟಿಕಂಬ, ಅದರಾಚೆ ಎರೆಹೊಲ, ಬೇರೇನೂ ಇರಲಿಲ್ಲ. ಎಣಿಸುವವನಿಗಿಂತ ಮೊದಲೇ ಸಂಖ್ಯೆ ಅಲ್ಲಿರುತ್ತದೆ ಎಂದು ನಾನು ಸಾರುತ್ತಿದ್ದುದು ನಿಜ. ಅದು ಅಲ್ಲಿ ಕೂತು ನನ್ನ ದಾರಿ ಕಾಯುತ್ತಿರುತ್ತದೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನನ್ನ ಕೈಯಿಂದ ಕೊಳಗ ಬಿತ್ತು. "ಆರು" ಎಂದು ಹೇಳಿ ಆ ದನಿ ಸುಮ್ಮನಾಯಿತು. ನನ್ನ ಸರದಿಗೆ ಕಾದಂತಿತ್ತು.

ಮಾವನವರು ಕೊಳಗ ಎತ್ತಿಕೊಂಡರು. ಅಳೆದದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದು, ಕಣ್ಣು ಮುಚ್ಚಿ ಕೈಮುಗಿದು, "ಲಾಭ" ಎಂದು ಮೊದಲಿನಿಂದ ಶುರುಮಾಡಿದರು. ದನಿ ಮತ್ತೆ ಬರಲಿಲ್ಲ. ಮುಗಿದ ಮೇಲೆ ಹೆದರುತ್ತಲೇ, "ಎಷ್ಟಾತ್ರಿ ಮಾವಾರ?" ಎಂದೆ. "ಸಾಕಾಗುವಷ್ಟು ಆತು" ಎಂದರು. ನನಗೆ ಅಳುವೇ ಬಂತು.

ಚಕ್ಕಡಿಯಲ್ಲಿ ಮರಳುವಾಗ ಹೆಂಡತಿಯನ್ನು, "ಆ ದನಿ ನಿನಗೂ ಕೇಳಿಸ್ತೇನು? ಯಾರದದು?" ಎಂದು ಕೇಳಿದೆ.

"ಯಾರದಂತ ಕೇಳ್ತೀರಲ್ಲ, ನಿಮ್ಮದಽ ದನಿ" ಎಂದಳು. "ನೀವು ಎರಡು, ಮೂರು ಅಂದಾಗೂ ಮೊದಲ ಆಚಿ ಕಡಿಂದ ಬರ್ತಿತ್ತು, ಆಮ್ಯಾಲ ನಿಮ್ಮ ಬಾಯಿಂದ."

ಅಂದರೆ ಸಂಖ್ಯೆಗಳನ್ನು ಹೋಗಿ ಮುಟ್ಟುವವನು ನಾನು ಎಂಬ ಜಂಬವೂ ಹೋಯಿತು. ಅವು ನನ್ನ ಬಾಯನ್ನು ಬಾಡಿಗೆಗೆ ಹಿಡಿದಿದ್ದವು, ಅಷ್ಟೇ.

ಈಗಲೂ ತರಗತಿಯಲ್ಲಿ ಹಾಜರಿ ನಂಬರು ಕೂಗುವಾಗ ಮೊದಲನೆಯ ಹುಡುಗನನ್ನು "ಲಾಭ" ಎಂದೇ ಕರೆಯುತ್ತೇನೆ. ಹುಡುಗರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಹಿಂದಿನ ಖಾಲಿ ಬೆಂಚಿನಿಂದ ನನ್ನ ದನಿಯಲ್ಲಿ "ಎರಡು" ಎಂದು ಕೇಳದಿದ್ದರೆ ಸಾಕು.