ಮುಖ ನೋಡಿ ನುಡಿಸುವ ಪೆಟ್ಟಿಗೆ

"ಆಯ್ಕೆ ನೀನು ಮಾಡ್ಬೇಡ, ಮುಖಗಳೇ ಮಾಡ್ಲಿ!" ಎಂದು ಪದ್ಮಾವತಿ ಅತ್ತೆ ಪೆಟ್ಟಿಗೆಯ ಗುಂಡಿ ಒತ್ತಿದರು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆಯ ಒಂದು ಯಂತ್ರವನ್ನೂ ನೆಮ್ಮದಿಯಾಗಿರಲು ಬಿಟ್ಟಿಲ್ಲ. ನಾನು ಸಂಜೆ ತರಗತಿಗೆ ಹೋಗಿ ಮದುವೆ ವಿಡಿಯೋ ಕೆಲಸ ಕಲಿತವಳು. ಸ್ವಂತವಾಗಿ ಒಪ್ಪಿಕೊಂಡ ಮೊದಲ ಮದುವೆ ಹಾಲೇಶಪ್ಪನವರ ಮಗಳು ವಿನುತಾಳದು.

ಅದಕ್ಕೆ ಹಿನ್ನೆಲೆ ಸಂಗೀತ ಕೂಡಿಸಲು ಮೂರು ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಒಂದರಲ್ಲಿ ಪಿಟೀಲು ಸೊಗಸು, ಆದರೆ ಕೆಲಸ ಮಾಡುವಾಗ ಚಿತ್ರ ಕಾಣುವುದಿಲ್ಲ. ಇನ್ನೊಂದರಲ್ಲಿ ಚಿತ್ರ ಕಾಣುತ್ತದೆ, ನನ್ನ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಮೂರನೆಯದು ಬಲು ಸುಲಭ. ತಾಳಿ ಕಟ್ಟಿದರೂ ಊಟಕ್ಕೆ ಕೂತರೂ ಅದೇ ತಮಟೆ! ಇಪ್ಪತ್ತು ದಿನ ಗುಣದೋಷಗಳ ಪಟ್ಟಿ ಬರೆದೆ, ಹರಿದೆ, ಮತ್ತೆ ಬರೆದೆ. ಮರುದಿನವೇ ವಿಡಿಯೋ ತೋರಿಸಬೇಕು. ಅವರು ಬೇಡವೆಂದರೆ ದಾವಣಗೆರೆಯಲ್ಲಿ ಇನ್ಯಾರೂ ನನ್ನನ್ನು ಕರೆಯುವುದಿಲ್ಲ.

ಅತ್ತೆಯ ಪೆಟ್ಟಿಗೆ ಮೂರನ್ನೂ ತಾನೇ ನಡೆಸಿ, ಎದುರಿನ ಮುಖಕ್ಕೆ ತಕ್ಕ ಸಂಗೀತ ನುಡಿಸುತ್ತದಂತೆ; ನುಡಿಸಿದ್ದೆಲ್ಲ ಹಾಗೇ ವಿಡಿಯೋದಲ್ಲಿ ಸೇರಿಕೊಳ್ಳುತ್ತದಂತೆ. ಅದರ ಮಸೂರವನ್ನು ಮಾವನತ್ತ ತಿರುಗಿಸಿದರು.

"ಉಪ್ಪಿಟ್ಟು ಬಹಳ ರುಚಿಯಾಗಿದೆ" ಎಂದು ಮಾವ ನಕ್ಕರು. ಪೆಟ್ಟಿಗೆ ಕರುಳು ಹಿಂಡುವಂತೆ ಪಿಟೀಲು ನುಡಿಸಿತು.

"ಇನ್ನೂ ಕಲೀತಾ ಇದೆ" ಎಂದರು ಅತ್ತೆ. ಮಾವ ತಲೆ ತಗ್ಗಿಸಿದರು.

ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಮರುದಿನ ಪೆಟ್ಟಿಗೆ ಹೊತ್ತುಕೊಂಡು ಅತ್ತೆಯೂ ನನ್ನ ಜೊತೆ ಬಂದರು. ಹಾಲೇಶಪ್ಪನವರ ಮನೆಯಲ್ಲಿ ಎರಡೂ ಕಡೆಯವರು ಕೂತಿದ್ದರು. ಪರದೆಯ ಮೇಲೆ ಹೆಣ್ಣೊಪ್ಪಿಸುವ ಶಾಸ್ತ್ರ. ವಿನುತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಪೆಟ್ಟಿಗೆಯಿಂದ ಡೊಳ್ಳು ಶುರುವಾಯಿತು. ಕುಣಿಸುವಂಥ ಡೊಳ್ಳು!

"ಏನಮ್ಮಾ ಇದು? ಮಗು ಅಳ್ತಿದ್ರೆ ಡೊಳ್ಳು ಬಡೀತೀಯಲ್ಲ!" ಎಂದು ವಿನುತಾಳ ತಾಯಿ ಗೌರಮ್ಮ ಎದ್ದು ನಿಂತರು.

"ಅವ್ವಾ, ಅಳದೇ ಇದ್ರೆ ಜನ ಏನಂತಾರೆ ಅಂತ ನೀನೇ ತೊಡೆ ಚಿವುಟಿದ್ದು!" ಎಂದಳು ವಿನುತಾ.

ಬೀಗಿತ್ತಿ ಶಾಂತವೀರಮ್ಮ ಸಮಾಧಾನಕ್ಕೆ ಬಂದರು. "ಹೋಗ್ಲಿ ಬಿಡ್ರೀ. ಸೊಸೆ ಅಂದ್ರೆ ನಮಗೆ ಮಗಳಿದ್ದಂಗೆ."

ಪೆಟ್ಟಿಗೆ ತಾನಾಗಿಯೇ ಗಕ್ಕನೆ ಅವರತ್ತ ತಿರುಗಿ ಗುಡುಗು ಹಾಕಿತು. ಹಿಂದೆಯೇ ನರಿ ಊಳಿಟ್ಟ ಸದ್ದು.

ನಾನು ಓಡಿಹೋಗಿ ಪ್ಲಗ್ ಕಿತ್ತೆ. ನಿಲ್ಲಲಿಲ್ಲ!

"ಎಕ್ಸ್‌ಚೇಂಜಿನ ಹಳೇ ಬ್ಯಾಟರಿ ಕಣೇ ಶಶಿ, ಎಂಟು ಗಂಟೆ ಅಲ್ಲಾಡಲ್ಲ!" ಎಂದರು ಅತ್ತೆ, ಹೆಮ್ಮೆಯಿಂದ.

ಎಲ್ಲರೂ ಮುಖಕ್ಕೆ ಸೆರಗು, ಟವೆಲು, ದಿನಪತ್ರಿಕೆ ಮುಚ್ಚಿಕೊಂಡರು. ಮುಖ ಸಿಗದೆ ಪೆಟ್ಟಿಗೆ ಮತ್ತೆ ಪರದೆಗೆ ತಿರುಗಿತು. ಅಲ್ಲಿ ಹಾಲೇಶಪ್ಪ ಬಸ್ಸಿನ ಬಳಿ ನಿಂತು ಡ್ರೈವರನ್ನು ಬೈಯುತ್ತಿದ್ದರು: "ಹೊರಡಯ್ಯಾ, ಎಷ್ಟೊತ್ತು!" ಡೊಳ್ಳಿಲ್ಲ, ಗುಡುಗಿಲ್ಲ. ಒಂದೇ ಒಂದು ಕೊಳಲು, ಉಸಿರು ಸಾಲದವರು ಊದಿದಂತೆ.

ಹಾಲೇಶಪ್ಪ ಟವೆಲಿನ ಹಿಂದಿನಿಂದ ಹೊರಗೆ ಬರಲೇ ಇಲ್ಲ.

"ಅಪ್ಪಾಜಿ, ಅವತ್ತು ನನ್ನ ಕಡೆ ತಿರುಗೀನೂ ನೋಡ್ಲಿಲ್ಲ ನೀವು" ಎಂದಳು ವಿನುತಾ. ಈಗ ಅವಳು ಅಳುತ್ತಿದ್ದಳು, ಯಾರೂ ಚಿವುಟಿರಲಿಲ್ಲ.

"ಸಾರ್, ತಪ್ಪಾಯ್ತು. ಸಂಗೀತ ಎಲ್ಲಾ ತೆಗೆದು ಬೇರೆ ಹಾಕ್ತೀನಿ" ಎಂದೆ.

"ಒಂದನ್ನೂ ಮುಟ್ಬೇಡ" ಎಂದಿತು ಟವೆಲು. "ಹಿಂಗೇ ಕೊಡು."

"ನರೀನೂ?" ಎಂದರು ಶಾಂತವೀರಮ್ಮ.

"ನರೀನೂ ಇರ್ಲಿ ಅತ್ತೆ!" ಎಂದಳು ವಿನುತಾ, ಮೂಗೊರೆಸಿಕೊಳ್ಳುತ್ತ.

ಸುದ್ದಿ ಊರೆಲ್ಲ ಹರಡಿತು. ಹೆಣ್ಣು ನೋಡುವ ಶಾಸ್ತ್ರಕ್ಕೇ ಪೆಟ್ಟಿಗೆ ತನ್ನಿ ಎಂದು ಈಗ ವಾರಕ್ಕೆ ನಾಲ್ಕು ಮನೆಯವರು ಕರೆಯುತ್ತಾರೆ. ಗಂಡಿನ ಕಡೆಯವರು ಮಾತ್ರ ಇನ್ನೂ ಯಾರೂ ಕರೆದಿಲ್ಲ.