ಜರಿಗಿಡಕ್ಕೆ ಬಂದ ಪಾಲು

ಉಮದಿಯ ಮಲಕವ್ವ ಒಂದು ಹೊತ್ತಿನ ಊಟ ಬಿಟ್ಟಾಳು, ಬೆಳಗಿನ ಈ ಒಂದು ಕೆಲಸ ಬಿಟ್ಟವಳಲ್ಲ. ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ಅದಾದ ಮೇಲೆ ಚಂಬಿನಲ್ಲಿ ಉಳಿದ ನೀರು ಹಿಡಿದು ಅಂಗಳಕ್ಕೆ ಬಂದು, ಕುಂಡದಲ್ಲಿದ್ದ ಜರಿಗಿಡದ ಬುಡಕ್ಕೆ ಒಂದೇ ಒಂದು ಬೊಗಸೆ ಎರೆಯುವುದು. ಆಮೇಲೇ ಚಹಾ. ಒಮ್ಮೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದಾಗಲೂ ಕಂಬಳಿ ಹೊದ್ದುಕೊಂಡೇ ಬಂದು ನೀರೆರೆದು ಹೋಗಿದ್ದಳು.

ಜರಿಗಿಡ ಎಂಬುದು ಅವಳೇ ಇಟ್ಟ ಹೆಸರು. ಕತ್ತಿಯಂತೆ ನೆಟ್ಟಗೆ ನಿಂತ ದಪ್ಪ ಎಲೆಗಳು. ನಡುವೆ ಹಸಿರು, ಎರಡೂ ಬದಿಗೆ ಸೀರೆಯ ಜರಿಯಂತೆ ಹಳದಿ ಅಂಚು. ಪಕ್ಕದ ಮನೆಯ ದಾವಲಬಿಯ ಅಣ್ಣ ಸಾಂಗಲಿಯಲ್ಲಿ ಯಾರೋ ಸಾಹೇಬರ ಬಂಗಲೆಯ ತೋಟದ ಮಾಳಿ, ಅವನು ತಂದುಕೊಟ್ಟದ್ದು. ಆಚೆ ಬಿಳೂರಿನಲ್ಲಿ ಇಲ್ಲ, ಈಚೆ ಮುಚ್ಚಂಡಿಯಲ್ಲಿ ಇಲ್ಲ, ಇಂಥ ಗಿಡ! ಜತ್ತದ ಸಂಸ್ಥಾನ ವಿಲೀನವಾಗಿ ಎರಡು ವರ್ಷವಾಗಿತ್ತು. ತಾಲೂಕಿನಲ್ಲಿ ಅಳಿದುಳಿದ ರಾಜವೈಭವವೆಲ್ಲ ತನ್ನ ಕುಂಡದಲ್ಲೇ ಬಂದು ನಿಂತಿದೆಯೆಂದು ಮಲಕವ್ವ ನಂಬಿದ್ದಳು.

ಯುಗಾದಿ ಮುಗಿದ ವಾರ, ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ಗಿಡವನ್ನು ಹೊಗಳಿದರು. ಹೊಗಳಿಕೆ ಕೇಳಿದರೆ ಮಲಕವ್ವನ ಕೈ ಸಡಿಲ. ನಾಲಿಗೆ ಅದಕ್ಕಿಂತ ಸಡಿಲ.

"ಬರೂ ಶೀಗಿ ಹುಣ್ಣಿವಿಗಿ ಐದು ಮಂದಿದು ಉಡಿ ತುಂಬತೀನಿ. ಖಣದ ಬದ್ಲಿ ಉಡ್ಯಾಗ ಒಂದೊಂದು ಜರಿಗಿಡಾ! ಐದೂ ಮಂದಿ ನೀವ!" ಎಂದು ಅಲ್ಲಿದ್ದ ಐವರಿಗೂ ಒಂದೇ ಉಸಿರಿನಲ್ಲಿ ಮಾತು ಕೊಟ್ಟುಬಿಟ್ಟಳು.

"ಇರೂದು ಒಂದ ಗಿಡಾ," ಎಂದಳು ಎದುರುಮನೆಯ ಗುರವ್ವ. ಅವಳ ಮಾತಿಗೆ ಯಾವಾಗಲೂ ಒಂದು ಮುಳ್ಳು. "ಐದು ಎಲ್ಲಿಂದ ತರ್ತಿ?"

"ಮಾಡತೀನಿ!"

ಐವರಲ್ಲೊಬ್ಬಳಾದ ದಾವಲಬಿ ಮೆಲ್ಲಗೆ ಹೇಳಿದಳು: "ಅಕ್ಕಾ, ಬುಡಾ ಬಿಡಿಸಿ ಬ್ಯಾರೆ ಮಾಡಬೇಕಂತರಿ. ನಮ್ಮಣ್ಣ ಹಂಗs ಮಾಡತಾನ."

ಮಲಕವ್ವ ಎರಡೂ ಕಿವಿ ಮುಚ್ಚಿಕೊಂಡಳು. ಮೂರು ಜನ ಅಣ್ಣತಮ್ಮಂದಿರು, ಮೂರು ಜನ ನೆಗೆಣ್ಣಿಯರು, ಹನ್ನೊಂದು ಮಕ್ಕಳು, ಒಂದೇ ಒಲೆ. ಇಪ್ಪತ್ತು ವರ್ಷ ಒಡೆಯದ ಮನೆಗೆ ಅವಳು ಹಿರಿಸೊಸೆ. "ಈ ಅಂಗಳದಾಗ ಪಾಲ ಅನ್ನೂ ಮಾತ ಆಡಬ್ಯಾಡ ದಾವಲಬಿ! ಒಂದ ಬೇರಿಗಿ ಕುಡಗೋಲ ಹಚ್ಚೂದಂದ್ರ ಮನಿಗಿ ಹಚ್ಚಿದಂಗ. ಎಲಿ ಹರೀತೀನಿ. ಪತ್ರಿ ಹರದ್ರ ಪಾಪ ಎಲ್ಲೈತಿ? ಕಬ್ಬಿನ ತುಂಡ ಊರಿದ್ರ ಕಬ್ಬ ಬರ್ತೈತಿ. ಎಲಿ ತುಂಡ ಊರಿದ್ರ ಗಿಡ ಬರಲಿಕ್ಕೇ ಬೇಕು!"

ಅಂದೇ ಎರಡು ಉದ್ದನೆಯ ಎಲೆಗಳು ಹನ್ನೆರಡು ತುಂಡಾದವು. ಹಳೆಯ ಎಣ್ಣೆಡಬ್ಬಿಯಲ್ಲಿ ಮರಳುಮಣ್ಣು ತುಂಬಿ, ಪಲ್ಟಣಿನ ಸಿಪಾಯಿಗಳಂತೆ ಸಾಲಾಗಿ ನೆಟ್ಟಳು. ಎರಡು ತುಂಡು ತಲೆಕೆಳಗಾಗಿ ನಿಂತು ಕೊಳೆತವು. ಉಳಿದ ಹತ್ತು ಮಿಸುಕಲಿಲ್ಲ. ಜ್ಯೇಷ್ಠ ಬಂತು, ಆಷಾಢ ಬಂತು; ತುಂಡುಗಳು ಹಾಗೆಯೇ ನಿಂತಿದ್ದವು. ಶ್ರಾವಣದ ಎರಡನೇ ಸೋಮವಾರ, ಮಲಕವ್ವ ಅಂಗಳದಿಂದ ಕೂಗಿದ ಕೂಗಿಗೆ ಹನ್ನೊಂದು ಮಕ್ಕಳೂ ಹಾವು ಬಂತೆಂದು ಕಟ್ಟೆ ಹತ್ತಿದವು.

"ಚಿಗತಾವ್ರೀ! ಹತ್ತಕ್ಕ ಹತ್ತೂ ಚಿಗತಾವು!"

ಗಂಡ ಶ್ರೀಶೈಲಪ್ಪ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟವನು. ಬಗ್ಗಿ, ಗಿರಾಕಿಯಂತೆ ಪರೀಕ್ಷಿಸಿ, ಕೇಳಿದ: "ಚಲೋ ಆತು. ಜರಿ ಎಲ್ಲಿ?"

ಜರಿ ಇರಲಿಲ್ಲ! ಮಣ್ಣಿನಿಂದ ತಲೆ ಎತ್ತಿದ ಮರಿಗಳೆಲ್ಲ ಅಪ್ಪಟ ಹಸಿರು. ಒಂದರ ಅಂಚಿನಲ್ಲಾದರೂ ಹಳದಿಯ ಎಳೆ ಬೇಡವೆ?

"ಸಣ್ಣ ಹುಡಗ್ಯಾರಿಗೆ ಯಾರರೆ ಜರಿಸೀರಿ ಉಡಸ್ತಾರೇನ್ರಿ? ಪರಕಾರ ಹಾಕ್ಕೊಂಡಾವ. ದೊಡ್ಡವ ಆಗಲಿ, ಜರಿ ತಾನs ಬರ್ತೈತಿ."

ದೊಡ್ಡವಾದವು. ಗೇಣುದ್ದವಾದವು. ಮತ್ತಷ್ಟು ಹಸಿರಾದವು.

ಮಲಕವ್ವನ ನಿದ್ದೆ ಹೋಯಿತು. ಭಾದ್ರಪದದಲ್ಲಿ ಅವಳೊಂದು ಮಹಾಪ್ರಯೋಗಕ್ಕೆ ಕೈಹಾಕಿದಳು: ಹಳದಿ ಬೇಕಾದರೆ ಅರಿಷಿಣ! ದಿನಾ ಒಂದು ತಂಬಿಗೆ ಅರಿಷಿಣದ ನೀರು. ಗಿಡ ಹಳದಿಯಾಗಲಿಲ್ಲ, ಉಳಿದದ್ದೆಲ್ಲ ಆಯಿತು. ಡಬ್ಬಿ ಹಳದಿ, ಕಟ್ಟೆ ಹಳದಿ, ಅಲ್ಲಿ ಹೊರಳಾಡಿದ ಕರು ಹಳದಿ. ಕಿರಿಯ ನೆಗೆಣ್ಣಿ ಹಣಮವ್ವನ ಕೂಸು ಅಂಗಳದಲ್ಲಿ ಅಂಬೆಗಾಲಿಟ್ಟು ಬಂದಾಗ ಓಣಿಯವರು, "ಕೂಸಿಗಿ ಕಾಮಣಿ ಆಗೇತಿ, ಲಗೂನ ಔಷಧ ಹಾಕಸ್ರಿ!" ಎಂದು ಕಂಗಾಲಾದರು.

"ಸಂಸ್ಥಾನಾನ ಹೋತು, ದರಬಾರದವರ ಜರಿ ರುಮಾಲಾನೂ ಹೋತು," ಎಂದ ಶ್ರೀಶೈಲಪ್ಪ. "ನಿನ್ನ ಗಿಡದ್ದೇನ ದೊಡ್ಡದು? ಐದು ಖಣಾ ಅಂಗಡ್ಯಾಗಿಂದ ಕೊಡ್ತೀನಿ, ಉಡಿ ತುಂಬಿ ಕೈ ತೊಳಕೋ."

"ಖಣಾ ಯಾರ ಬೇಕಾದ್ರೂ ಕೊಡ್ತಾರ! ನಾ ಆಡಿದ್ದು ಗಿಡದ ಮಾತು!"

"ಹಂಗಾದ್ರ ಈ ಹಸರುವ ಕೊಡು."

ಅಷ್ಟರಲ್ಲಿ ಅಂಗಳದ ಗೋಡೆಯಾಚೆ ಓಣಿಯಿಂದ ಗುರವ್ವನ ದನಿ ಬಂತು: "ಕೊಡಲಿ ಬಿಡ್ರಿ ಅಣ್ಣಾವ್ರ! ಜರಿಸೀರಿ ಹೇಳಿ ಒರಟ ಹಚಡಾ ಹೊಚ್ಚಿದ್ರೂ ನಾವು ಬ್ಯಾಡ ಅನ್ನಂಗಿಲ್ಲ!"

ಮಲಕವ್ವನಿಗೆ ಅನ್ನ ಸೇರಲಿಲ್ಲ. ಶಿವನ ಎದುರು ಕುಳಿತರೂ ಕಣ್ಣ ಮುಂದೆ ಬರುತ್ತಿದ್ದದ್ದು ಬರಿಯ ಹಸಿರು. ಹುಣ್ಣಿಮೆಗೆ ನಾಲ್ಕು ದಿನ ಉಳಿದಾಗ ದಾವಲಬಿ ಬಂದು ಕಟ್ಟೆಯ ಮೇಲೆ ಕುಳಿತಳು. ಅಣ್ಣನನ್ನು ಕೇಳಿ ತಿಳಿದುಕೊಂಡು ಬಂದಿದ್ದಳು.

"ಎಲಿಯಿಂದ ಹುಟ್ಟಿದ್ದು ಹಸರs ಬರ್ತೈತಂತ್ರಿ ಅಕ್ಕಾ, ಏನ್ ಮಾಡಿದ್ರೂ. ಬುಡದಾಗಿಂದ ಬಿಡಿಸಿದ್ದಕ್ಕಷ್ಟs ಜರಿ ಉಳೀತೈತಂತ. ಇನ್ನೂ ನಾಕ ದಿನಾ ಅದಾವು."

"ಬೇರಿಗಿ ಕುಡಗೋಲ ಹಚ್ಚೂದು ನನ್ನ ಕಡಿಂದ ಆಗೂದಿಲ್ಲವಾ."

ಒಳಗೆ ಹೊರಸಿನ ಮೇಲೆ ಮಲಗಿದ್ದ ಅತ್ತೆ ಸಿದ್ದವ್ವ ಕೆಮ್ಮಿದಳು. ಎಂಬತ್ತರ ಮುದುಕಿ, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. "ಮಲಕವ್ವಾ, ನಾ ಎಷ್ಟ ಮಂದಿ ಹೆಣ್ಣಮಕ್ಕಳನ್ನ ಕೊಟ್ಟೀನಿ?"

"ನಾಕ ಮಂದೀನ್ರಿ ಅತ್ತಿ."

"ಕೊಟ್ಟಿದ್ದಕ್ಕ ಮನಿ ಒಡೀತೇನ?"

"ಇಲ್ರಿ."

"ಮತ್ತ ಆ ಗಿಡದ ಮಕ್ಕಳನ್ನ ಎಷ್ಟು ದಿನಾ ತವರಮನ್ಯಾಗ ಇಟಗೊಂಡು ಕುಂದ್ರತಿ?"

ಮಲಕವ್ವ ಎದ್ದು ಕುಂಡದ ಕಡೆ ನೋಡಿದಳು. ಹೌದಲ್ಲ! ಇದು ಪಾಲಲ್ಲ, ಲಗ್ನ!

ಮರುದಿನ ಪೂಜೆ ಮುಗಿದದ್ದೇ ತಡ, ಮದುವೆಮನೆಯ ಗಡಿಬಿಡಿ. ಕುಡುಗೋಲಿಗೆ ವಿಭೂತಿ ಹಚ್ಚಿದಳು, ಗಿಡಕ್ಕೆ ಅರಿಷಿಣದ ದಾರ ಕಟ್ಟಿದಳು, ನಾಲ್ಕು ಅಕ್ಕಿಕಾಳು ಹಾಕಿದಳು. ಕುಂಡ ಬೋರಲು ಮಾಡಿ ಮಣ್ಣು ಕೊಡವಿದರೆ ಬುಡದಲ್ಲಿ ಬೆರಳಿನಂಥ ಬೇರುಗಳು ಒಂದರ ಕೊರಳಿಗೆ ಇನ್ನೊಂದು ಬಿದ್ದುಕೊಂಡಿದ್ದವು. ಅವುಗಳ ತುದಿಗೆ ಮರಿಗಳು. ಪ್ರತಿಯೊಂದಕ್ಕೂ ಹುಟ್ಟುತ್ತಲೇ ಉಟ್ಟ ಹಳದಿ ಜರಿ!

"ಶಿವಶಿವಾ!" ಎನ್ನುತ್ತ ಕಣ್ಣು ಮುಚ್ಚಿ ಕುಡುಗೋಲು ಎಳೆದಳು.

"ಕಣ್ಣ ತೆರೀರಿ ಅಕ್ಕಾ! ಕೈ ಕೊಯ್ಕೊಂಡೀರಿ!" ಎಂದು ದಾವಲಬಿ ಕೂಗಿದಳು.

ಬಿಡಿಸಿ ಎಣಿಸಿದರು. ಮರಿ ನಾಲ್ಕು. ಮತ್ತೆ ಎಣಿಸಿದರು. ನಾಲ್ಕೇ. ಮಾತು ಕೊಟ್ಟದ್ದು ಐವರಿಗೆ. ಮಲಕವ್ವ ತಾಯಿಗಿಡವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಸೆರಗಿನಿಂದ ಅದರ ಎಲೆ ಒರೆಸಿ, ನಾಲ್ಕರ ಪಕ್ಕಕ್ಕೆ ಐದನೆಯದಾಗಿ ಇಟ್ಟಳು.

ಶೀಗಿ ಹುಣ್ಣಿಮೆಯ ಮುಂಜಾನೆ, ಪೈರಿನ ಪೂಜೆಗೆ ಹೊಲಕ್ಕೆ ಬುತ್ತಿ ಹೊರಡುವ ಮೊದಲು, ಐವರೂ ಸಾಲಾಗಿ ಕುಳಿತರು. ಅಕ್ಕಿ, ಅಡಿಕೆ, ಉತ್ತತ್ತಿ, ಕೊಬ್ಬರಿಬಟ್ಟಲು; ಅದರ ಮೇಲೆ ಜರಿಗಿಡ! ತಾಯಿಗಿಡ ಬಿದ್ದದ್ದು ಗುರವ್ವನ ಉಡಿಗೆ. ಮೊದಲ ಬಾರಿಗೆ ಆ ನಾಲಿಗೆಗೆ ಮುಳ್ಳು ಸಿಗಲಿಲ್ಲ. "ಮಲಕವ್ವಾ, ನೀ ಆಡಿದ್ದು ಮಾಡಿ ತೋರಿಸಿದಿ ನೋಡು," ಎಂದವಳೇ ಗಿಡವನ್ನು ಕೂಸಿನಂತೆ ಎದೆಗೊತ್ತಿಕೊಂಡು ಎದ್ದಳು. ಸಂತೆಯ ಹೊತ್ತಿಗೆ ಸುದ್ದಿ ಬಿಳೂರು ಮುಟ್ಟಿತು. ಅರಿವೆ ಕೊಳ್ಳಲು ಬಂದವರು ಶ್ರೀಶೈಲಪ್ಪನನ್ನು, "ಜರಿಗಿಡದವರ ಮನಿಯವರು ನೀವ ಏನ್ರಿ?" ಎಂದು ಕೇಳತೊಡಗಿದರು. ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ಬಂದ ಬಿರುದು ಇದು!

ಈಗ ಮಲಕವ್ವನ ಅಂಗಳದಲ್ಲಿ ಉಳಿದದ್ದು ಹತ್ತು ಗಿಡ. ಹತ್ತೂ ಹಸಿರು. ಐದು ಮನೆಗಳಲ್ಲಿ ಜರಿ ಮೆರೆಯುತ್ತಿತ್ತು. ಜರಿಗಿಡದವರ ಮನೆಯಲ್ಲಿ ಮಾತ್ರ ಹೇಳಿಕೊಳ್ಳಲೂ ಒಂದು ಎಳೆ ಇರಲಿಲ್ಲ!

ಇದನ್ನು ದಾವಲಬಿಗೆ ನೋಡಲಾಗಲಿಲ್ಲ. ತನ್ನ ಉಡಿಗೆ ಬಂದ ಮರಿಗಿಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದಳು.

"ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ನಂದು ಇದನ್ನ ನೀವs ಇಟಗೋರಿ. ಮುಂದ ಮರಿ ಹಾಕಿದ್ರ ನನಗೊಂದು ಕೊಡೀರಂತ."

ಮಲಕವ್ವ ಗಿಡದ ಅಂಚಿನ ಮೇಲೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ಅದನ್ನು ತಿರುಗಿ ದಾವಲಬಿಯ ಸೆರಗಿನೊಳಗೆ ಇಟ್ಟು, ಸೆರಗು ಮುಚ್ಚಿದಳು.

"ಬ್ಯಾಡವಾ ನನ್ನವ್ವ, ನಿನ್ನ ಮನ್ಯಾಗ ಇರ್ಲಿ. ಇದು ಇಲ್ಲಿದ್ರ ನಾಳಿ ಮತ್ತ ಹತ್ತು ಮಂದಿಗೆ ಮಾತ ಕೊಟ್ಟು ಕುಂದ್ರತೀನಿ ನಾ!"